ಶೋಶಿಂಗೆಯಲ್ಲಿ ನಾಗಾರ್ಜುನನನ್ನು ಆಲಿಸುವ ಬಗೆ

ಜಪಾನಿನ ಜೋದೊ ಶಿನ್‌ಶೂ ಪಂಥದ ಮಂದಿರಗಳಲ್ಲೂ ಭಕ್ತರ ಮನೆಗಳಲ್ಲೂ ನಿತ್ಯ ಪಠಿಸುವ ಸ್ತುತಿಯೇ ಶೋಶಿಂಗೆ. ಪಂಥದ ಪ್ರವರ್ತಕ ಶಿನ್‌ರಾನ್ (1173–1263) ಇದನ್ನು ಸಾಲಿಗೆ ಏಳು ಚೀನೀ ಅಕ್ಷರಗಳಂತೆ 120 ಸಾಲುಗಳಲ್ಲಿ ರಚಿಸಿದ. ಮೊದಲಿಗೆ ಅದು ಅವನ ಶಾಸ್ತ್ರಗ್ರಂಥ 'ಕ್ಯೋಗ್ಯೋಶಿನ್‌ಶೋ'ದ ಒಂದು ಭಾಗವಾಗಿತ್ತು. ಅದನ್ನು ಬಿಡಿಯಾಗಿ ತೆಗೆದು, 1473ರಲ್ಲಿ ಅಚ್ಚು ಹಾಕಿಸಿ, ಸಾಮಾನ್ಯರ ನಾಲಗೆಗೆ ತಂದವನು ಪಂಥದ ನಂತರದ ಮುಖ್ಯಸ್ಥ ರೆನ್ನ್ಯೊ.

ಮುಂದಾಳು ಮೊದಲ ಸಾಲನ್ನು ಒಬ್ಬನೇ ಎತ್ತುತ್ತಾನೆ. ಬಳಿಕ ಸಭೆಯ ದನಿ ಸೇರುತ್ತದೆ. ಹೊಸಬರಿಗೆ ಇದು ಏಕತಾನವೆನಿಸಬಹುದು. ರಚನೆ ತಿಳಿದರೆ ಕಿವಿ ತೆರೆಯುತ್ತದೆ. ಮೊದಲ 44 ಸಾಲುಗಳು ಅಮಿತಾಭ ಮತ್ತು ಶಾಕ್ಯಮುನಿ ಬುದ್ಧರನ್ನು ಕುರಿತವು. ಉಳಿದವು ಭಾರತ, ಚೀನಾ, ಜಪಾನುಗಳ ಏಳು ಆಚಾರ್ಯರ ಸ್ತುತಿ. ಅವರಲ್ಲಿ ಮೊದಲಿಗ ನಾಗಾರ್ಜುನ. ಇಲ್ಲಿ ಸ್ವರ ಬದಲಾಗಿ ಸುಳಿವು ಕೊಡುವುದಿಲ್ಲ. 'ರ್ಯೂಜು' ಎಂಬ ಅವನ ಜಪಾನೀ ಹೆಸರಿಗಾಗಿ ಕಾದಿರಬೇಕು.

ಅವನಿಗೆ ಮೀಸಲಾದ ಹನ್ನೆರಡು ಸಾಲುಗಳು ಇಡೀ ಸ್ತುತಿಯ ಅತ್ಯಂತ ಸಾಂದ್ರ ಭಾಗ. ದಕ್ಷಿಣ ಭಾರತದಲ್ಲಿ ಅವನು ಹುಟ್ಟುವನೆಂದು ಬುದ್ಧ ಲಂಕಾಪರ್ವತದಲ್ಲಿ ನುಡಿದ ಭವಿಷ್ಯವಾಣಿಯಿಂದ ಅವು ಆರಂಭವಾಗುತ್ತವೆ. 'ಇದೆ', 'ಇಲ್ಲ' ಎಂಬ ಎರಡೂ ದೃಷ್ಟಿಗಳನ್ನು ಅವನು ಮುರಿದದ್ದು ನಾಲ್ಕನೆಯ ಸಾಲಿನಲ್ಲಿ ಬರುತ್ತದೆ. ಇದು ಶೂನ್ಯವಾದದ ನಾಗಾರ್ಜುನ. ಆರನೆಯ ಸಾಲು ಅವನನ್ನು ಅಮಿತಾಭನ ಶುದ್ಧಲೋಕವಾದ ಸುಖಾವತಿಯಲ್ಲಿ ಹುಟ್ಟಿಸುತ್ತದೆ. ಅಲ್ಲಿಂದಾಚೆ ಕೇಳುವುದೆಲ್ಲ ಭಕ್ತಿ: ನೆಲದ ಕಡುದಾರಿ, ನೀರಿನ ಸುಗಮ ಯಾನ, ನಾಮಸ್ಮರಣೆ, ಬುದ್ಧನ ಋಣ. ತಾರ್ಕಿಕನೂ ಭಕ್ತನೂ ಒಬ್ಬನೇ ಎಂದು ಅರ್ಧ ಡಜನ್ ಸಾಲುಗಳೊಳಗೆ ಹೇಳಿಬಿಡುವುದು ಶಿನ್‌ರಾನನ ಕಾವ್ಯಶಕ್ತಿ.

ನೆಲ ಮತ್ತು ನೀರಿನ ಈ ಚಿತ್ರ 'ದಶಭೂಮಿಕವಿಭಾಷಾ' ಎಂಬ ಗ್ರಂಥದ್ದು. ಕುಮಾರಜೀವನ ಚೀನೀ ಅನುವಾದವಾಗಿ ಉಳಿದಿರುವ ಇದು ನಾಗಾರ್ಜುನನದೇ ಹೌದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪರಂಪರೆಗೆ ಮಾತ್ರ ಸಂದೇಹವಿಲ್ಲ. ಆ ಗ್ರಂಥದಲ್ಲಿ ಸುಲಭಮಾರ್ಗ ಕೇಳುವವನಿಗೆ ಮೊದಲು ಗದರಿಕೆಯೇ ಸಿಗುತ್ತದೆ: ಇದು ಅಳ್ಳೆದೆಯವರ ಮಾತು ಎಂದು. ಆಮೇಲೆ ಅನೇಕ ಬುದ್ಧರ ನಾಮಗಳನ್ನು ಸ್ಮರಿಸಲು ಹೇಳಲಾಗುತ್ತದೆ, ಅಮಿತಾಭ ಅವರಲ್ಲೊಬ್ಬ. ಹೀಗೆ ದುರ್ಬಲರಿಗೆಂದು ಇಟ್ಟ ದಾರಿಯನ್ನೇ ರಾಜಮಾರ್ಗವಾಗಿಸಿದ್ದು ನಂತರದ ಆಚಾರ್ಯರು. ನಾಗಾರ್ಜುನನ ಶೂನ್ಯವಾದವನ್ನು ಸಾರುವ ಮಾಧ್ಯಮಿಕ ಗ್ರಂಥಗಳಲ್ಲಿ ಪಳಗಿದ್ದ ಚೀನಾದ ತಾನ್‌ಲುವಾನ್, ಸುಖಾವತಿಯ ಕುರಿತ ಎರಡನೆಯ ಆಚಾರ್ಯ ವಸುಬಂಧುವಿನ ಕೃತಿಗೆ ವ್ಯಾಖ್ಯಾನ ಬರೆಯುವಾಗ ಈ ಎರಡು ದಾರಿಗಳಿಂದಲೇ ತೊಡಗಿದ. ಸುಖಾವತಿಯ ಹುಟ್ಟು 'ಹುಟ್ಟಿಲ್ಲದ ಹುಟ್ಟು' ಎಂದ ಅವನ ವಿವರಣೆಯಲ್ಲಿ ಶೂನ್ಯತೆ ಭಕ್ತಿಯ ಒಳಗೇ ಬಂದು ನೆಲೆಸಿತು. ಈ ಎಳೆ ಹಿಡಿದವರಿಗೆ ಆ ಹನ್ನೆರಡು ಸಾಲುಗಳಲ್ಲಿ ಎರಡು ದೃಷ್ಟಿಗಳನ್ನು ಮುರಿಯುವ ನಾಲ್ಕನೆಯದೂ ನೀರಿನ ಯಾನದ ಎಂಟನೆಯದೂ ಒಂದನ್ನೊಂದು ಬೆಳಗಿಸುವುದು ಕೇಳುತ್ತದೆ.

ನಿಶಿ ಹೊಂಗಾನ್‌ಜಿ ಶಾಖೆಯ ಪಠಣದಲ್ಲಿ ಮುಂದೆ ಐದನೆಯ ಆಚಾರ್ಯ ಶಾನ್‌ದಾವೊ ಬರುವಲ್ಲಿ ಮುಂದಾಳು ಮತ್ತೆ ಒಬ್ಬನೇ ಹಾಡುತ್ತಾನೆ, ಶ್ರುತಿ ಏರುತ್ತದೆ. ಚೀನೀ ಸಾಲುಗಳು ದೂರವೆನಿಸುವವರು ಶಿನ್‌ರಾನ್ ಜಪಾನೀ ಭಾಷೆಯಲ್ಲೇ ಬರೆದ 'ಕೋಸೋ ವಸಾನ್' ಪದ್ಯಗಳನ್ನು ಜೊತೆಗೆ ಓದಬಹುದು. ಅದರಲ್ಲಿ ನಾಗಾರ್ಜುನನ ಮೇಲೆ ಹತ್ತು ಪದ್ಯಗಳಿವೆ.