ಪಂಪನ ವಂಶಾವಳಿ: ಕಾವ್ಯ ಹೇಳಿದುದು, ಬಂಡೆ ಉಳಿಸಿದುದು

ಕವಿಯೊಬ್ಬನ ಕುಲಮೂಲವನ್ನು ಅರಸಹೊರಟವರು ಎಷ್ಟೋ ವೇಳೆ ನಿರ್ಣಯವನ್ನು ಮೊದಲು ಮಾಡಿಕೊಂಡು ಆಧಾರಗಳನ್ನು ಆಮೇಲೆ ಹುಡುಕುತ್ತಾರೆ. ಪಂಪನ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಅವನು ವೆಂಗಿಯವನೆಂದು ಕೆಲವರು, ಅಣ್ಣಿಗೇರಿಯವನೆಂದು ಕೆಲವರು ಹಕ್ಕು ಸಾಧಿಸುತ್ತಾರೆ. ನಮಗೆ ದೊರೆತಿರುವ ಎರಡು ಆಧಾರಗಳು ನಿಜವಾಗಿ ಹೇಳುವುದೇನೆಂಬುದನ್ನು ಇಲ್ಲಿ ವಿವೇಚಿಸಬಹುದು.

ಮೊದಲನೆಯದು 'ವಿಕ್ರಮಾರ್ಜುನ ವಿಜಯ'ದ ಕಡೆಯ ಆಶ್ವಾಸ. ವೆಂಗಿಮಂಡಲದ ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಅಭಿರಾಮದೇವರಾಯ, ಅವನ ಮಗ ಪಂಪ; ಹೀಗೆ ಐದು ತಲೆಮಾರುಗಳು ಅಲ್ಲಿ ಬರುತ್ತವೆ. ಇದು ಬರಿಯ ಹೆಸರುಗಳ ಪಟ್ಟಿಯಲ್ಲ. ಯಜ್ಞಗಳನ್ನು ಮಾಡಿದ ಮೂಲಪುರುಷನಿಂದ ಜಿನಧರ್ಮವನ್ನು ಒಪ್ಪಿದ ತಂದೆಯವರೆಗೆ ನಡೆದು, ಉತ್ತಮ ಕುಲಕ್ಕೆ ಆ ಧರ್ಮವೇ ತಕ್ಕುದೆಂಬ ವಾದವನ್ನು ಕವಿ ಹೂಡಿದ್ದಾನೆ. ಈ ವಾದಕ್ಕೆ ತಂದೆಯಿಂದ ಮಗನಿಗೆ ಹರಿಯುವ ನೇರವಾದ ರೇಖೆ ಸಾಕು. ತಾಯಿಗೆ ಅದರಲ್ಲಿ ಎಡೆಯಿಲ್ಲ.

ಎರಡನೆಯದು ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ, ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಕೆತ್ತಿಸಿದ 10ನೆಯ ಶತಮಾನದ ಶಾಸನ. ತಾನು ವಂಗಿಪರ್ರಿನ ಕಮ್ಮೆ ಬ್ರಾಹ್ಮಣನೆಂದೂ ಅಭಿಮಾನಚಂದ್ರನ ವಂಶದವನೆಂದೂ ಅವನು ಹೇಳಿಕೊಳ್ಳುತ್ತಾನೆ. ಕಾವ್ಯದ ಅಭಿರಾಮದೇವರಾಯ ಇಲ್ಲಿ ಭೀಮಪಯ್ಯ. ಒಂದು ಸಭೆಗೆ ಒಪ್ಪುವ ಹೆಸರು, ಇನ್ನೊಂದು ಮನೆಯಲ್ಲಿ ಕರೆದ ಹೆಸರು ಎಂದು ನನ್ನ ಊಹೆ. ಆದರೆ ಕಾವ್ಯದಲ್ಲಿಲ್ಲದ ಒಂದು ಹೆಸರನ್ನು ಬಂಡೆ ಉಳಿಸಿದೆ: ತಾಯಿ ಅಬ್ಬಣಬ್ಬೆ. ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು.

ಇಷ್ಟರಿಂದ ಪಂಪನು ಅಣ್ಣಿಗೇರಿಯಲ್ಲಿಯೇ ಹುಟ್ಟಿದನೆಂದು ಸಾಧಿಸಿದರೆ ಬಂಡೆ ಹೇಳದುದನ್ನು ಹೇಳಿಸಿದಂತಾಗುತ್ತದೆ. ತಂದೆಯ ಮೂಲ ವೆಂಗಿಯೆಂದ ಮಾತ್ರಕ್ಕೆ ಮನೆಮಾತನ್ನು ನಿರ್ಣಯಿಸುವುದೂ ಅಷ್ಟೇ ಆತುರದ ಮಾತು. ಆ ಶಾಸನದಲ್ಲಿ ಸಂಸ್ಕೃತ, ಕನ್ನಡಗಳ ಜೊತೆಗೆ ಮೂರು ತೆಲುಗು ಕಂದಪದ್ಯಗಳೂ ಇವೆ. ಅಣ್ಣ ಕನ್ನಡದ ಆದಿಕವಿ. ತಮ್ಮನ ಬಂಡೆಯ ಮೇಲೆ ಮೂರು ನುಡಿ. ವೆಂಗಿ, ಬೆಳ್ವೊಲ, ವೇಮುಲವಾಡಗಳನ್ನು ಬೆಸೆದ ಈ ಮನೆತನವನ್ನು ಒಂದೇ ಎಲ್ಲೆಯೊಳಗೆ ಕಟ್ಟಿಹಾಕುವುದು ಅಸಾಧ್ಯ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ವೃತ್ತಿಯಿಂದ ನಾನು ಬ್ಯಾಂಕಿನವನು. ಮೃತರ ಠೇವಣಿಗಾಗಿ ವಾರಸುದಾರರು ತರುವ ವಂಶವೃಕ್ಷಗಳನ್ನು ಪರಿಶೀಲಿಸುವುದು ನನ್ನ ಕೆಲಸಗಳಲ್ಲೊಂದು. ಅಲ್ಲಿ ಹೆಂಡತಿಯ, ಮಗಳ ಹೆಸರು ಬಿಟ್ಟುಹೋದರೆ ಕಾಗದವನ್ನು ಹಿಂದಿರುಗಿಸುತ್ತೇನೆ. ನಮ್ಮ ಮನೆಯ ಹಿರಿಯರು ಬರೆದಿಟ್ಟ ವಂಶಾವಳಿಯಲ್ಲಿ ಏಳು ತಲೆಮಾರಿನ ಗಂಡಸರಿದ್ದಾರೆ. ನನ್ನ ತಂದೆಯ ತಾಯಿಯ ತವರೂರು ಯಾವುದೆಂದು ಹೇಳಬಲ್ಲವರು ಮಾತ್ರ ಈಗ ಯಾರೂ ಉಳಿದಿಲ್ಲ. ಕೇಳಬಹುದಾಗಿದ್ದ ಕಾಲದಲ್ಲಿ ನಾನು ಕೇಳಲಿಲ್ಲ.

ಪಂಪನ ಕಾವ್ಯಕ್ಕೆ ಜಿನವಲ್ಲಭನ ಬಂಡೆ ಸಾಟಿಯಲ್ಲ, ನಿಜ. ಆದರೂ ವಂಶವನ್ನು ಬರೆಯುವ ಕೆಲಸದಲ್ಲಿ ಅಣ್ಣನಿಗಿಂತ ತಮ್ಮನೇ ಪೂರ್ಣವಾದ ಲೆಕ್ಕವನ್ನು ಒಪ್ಪಿಸಿದ್ದಾನೆ.