ಮಾರ್ಗಜಾಲದ ದೌರ್ಬಲ್ಯ: ಕಾಗಿಣಾ ತೀರದಿಂದ ಒಂದು ವಿಮರ್ಶೆ

ನಗರಗಳ ಸಂಚಾರವು ಅಲ್ಪವಿಘ್ನಕ್ಕೂ ಸ್ತಬ್ಧವಾಗುವುದೇಕೆ? ವಾಹನಗಳು ಹೆಚ್ಚಿದುವು, ರಸ್ತೆಗಳು ಸಾಲವು ಎಂಬುದು ರೂಢಿಯ ಉತ್ತರ. ಇದು ಅಸತ್ಯವಲ್ಲ. ತುಂಬಿದ ರಸ್ತೆಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಅದರ ಹಿಂದಿನ ಸಾಲು ಬೆಳೆದು ಹಿಂದಣ ಚೌಕವನ್ನೇ ಮುಚ್ಚುತ್ತದೆ. ಆ ದಾರಿ ಹಿಡಿಯದವರೂ ಅಲ್ಲಿ ಸಿಕ್ಕಿಬೀಳುತ್ತಾರೆ. ಆದರೆ ಇದರಿಂದ ವಿಘ್ನ ಹರಡುವ ರೀತಿ ತಿಳಿಯುತ್ತದೆಯೇ ಹೊರತು, ಅದನ್ನು ಬಳಸಿ ಹೋಗುವ ಶಕ್ತಿ ಜಾಲಕ್ಕೆ ಏಕಿಲ್ಲವೆಂಬುದು ತಿಳಿಯುವುದಿಲ್ಲ.

ಪರ್ಯಾಯ ಮಾರ್ಗಗಳನ್ನು ಹೆಚ್ಚಿಸಬೇಕೆಂಬುದು ಎರಡನೆಯ ಪಕ್ಷ. ಇದರ ಬೇರು ಗಣಿತದಲ್ಲಿದೆ. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಒಂದೊಂದು ಸಲ ಮಾತ್ರ ದಾಟಿ ಮುಗಿಸುವುದು ಅಸಾಧ್ಯವೆಂದು ಆಯ್ಲರನು 1736ರ ಪ್ರಬಂಧದಲ್ಲಿ ತೋರಿಸಿದನು. ಅದರಿಂದ ಬೆಳೆದ ಶಾಸ್ತ್ರವು ಊರನ್ನು ಬಿಂದುವೆಂದೂ ದಾರಿಯನ್ನು ರೇಖೆಯೆಂದೂ ಎಣಿಸುತ್ತದೆ. ಆ ಚಿತ್ರದಲ್ಲಿ ಸೇತುವೆಗಳು ಉಳಿದುವು; ನದಿಯು ಅಳಿಸಿಹೋಯಿತು. ನಮ್ಮ ಆಕ್ಷೇಪವಿರುವುದು ಇಲ್ಲಿಯೇ.

ಸೇಡಂ ತಾಲ್ಲೂಕಿನ ಮುಧೋಳವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಅಲ್ಲಿಂದ ಸೇಡಂ ಮಾರ್ಗವಾಗಿ ಕಲಬುರಗಿಗೆ ಹೊರಟವರು ಮಳಖೇಡದ ಬಳಿ ಕಾಗಿಣಾ ನದಿಯನ್ನು ದಾಟಬೇಕು. 2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿದಾಗ ಆ ಸೇತುವೆ ಮುಳುಗಿ ಸಂಚಾರ ನಿಂತಿತು. ಚಿತ್ತಾಪುರ, ಶಹಾಬಾದುಗಳ ಮೇಲೆ ಹೋಗಬಹುದಲ್ಲ ಎಂದರೆ, ಅಲ್ಲಿಯೂ ದಾಟಬೇಕಾದುದು ಅದೇ ಕಾಗಿಣಾ. ಬಡಗಣ ಚಿಂಚೋಳಿಯ ಕಡೆಗೆ ತಿರುಗಿದರೂ ಅದು ತಪ್ಪದು. ನಕ್ಷೆಯಲ್ಲಿ ದಾರಿಗಳು ಮೂರು. ನೆರೆಯ ದೃಷ್ಟಿಯಲ್ಲಿ ಒಂದೇ. ಯಾವುದಾದರೊಂದು ಸೇತುವೆ ಉಳಿದರೂ, ಸಿಮೆಂಟಿನ ಲಾರಿಗಳೂ ಬಸ್ಸುಗಳೂ ಅದರ ಮೇಲೆಯೇ ನುಗ್ಗಿ, ಮೊದಲು ಹೇಳಿದ ಸಾಲು ಅಲ್ಲಿ ಬೆಳೆಯುತ್ತದೆ.

ಮಹಾನಗರಗಳಲ್ಲಿ ಇದೇ ನ್ಯಾಯವು ದಟ್ಟಣೆಯ ಮರೆಯಲ್ಲಿ ಅಡಗಿರುತ್ತದೆ. ಬೆಂಗಳೂರಿನಲ್ಲಿ ಒಂದೇ ಮಳೆಗೆ ಹಲವು ಕೆಳಸೇತುವೆಗಳು ಏಕಕಾಲದಲ್ಲಿ ನೀರು ತುಂಬಿಕೊಳ್ಳುವುದನ್ನು ನೆನೆಯಬಹುದು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದವರಿಗೆ ಅಲ್ಲಿಯೂ ನೀರೇ ಎದುರಾಗುತ್ತದೆ.

ಆದಕಾರಣ ದಾರಿಗಳೆಷ್ಟೆಂಬ ಪ್ರಶ್ನೆ ಅಪೂರ್ಣ. ಅವೆಲ್ಲವನ್ನೂ ಒಟ್ಟಿಗೆ ಮುಚ್ಚಬಲ್ಲ ಕಾರಣ ಯಾವುದೆಂದು ಕೇಳತಕ್ಕದ್ದು. ಹಾಗೆ ಕೇಳಿದಾಗ, ತಗ್ಗಿನ ನಾಲ್ಕು ಸೇತುವೆಗಳಿಗಿಂತ ನೆರೆಯ ಮಟ್ಟಕ್ಕಿಂತ ಎತ್ತರದ ಒಂದು ಸೇತುವೆ ಮೇಲೆಂಬುದು ಸ್ಪಷ್ಟವಾಗುತ್ತದೆ. ಇದು ಕೇವಲ ಶಾಸ್ತ್ರಚರ್ಚೆಯಲ್ಲ. ನೆರೆಯ ದಿನ ಮುಧೋಳದಿಂದ ಕಲಬುರಗಿಯ ಆಸ್ಪತ್ರೆಗೆ ಹೊರಟ ರೋಗಿಗೆ ಬೇಕಾದುದು ದಾರಿಗಳ ಸಂಖ್ಯೆಯಲ್ಲ, ತೆರೆದಿರುವ ಒಂದು ದಾರಿ. ನಮ್ಮ ವಿದ್ಯಾರ್ಥಿಗಳು ಮಾರ್ಗಜಾಲದ ಚಿತ್ರ ಬರೆಯುವಾಗ ನದಿಯನ್ನೂ ಬರೆಯುವುದನ್ನು ಕಲಿಯಲೆಂದು ನಾವು ಆಶಿಸುತ್ತೇವೆ.