ಮೂರು ಕೆಂಪು ದೀಪಗಳು ಮತ್ತು ಒಂದು ಶೇಕಡಾ ಲೆಕ್ಕ

ವಿಡಿಯೊ ಆಟದ ಯಂತ್ರ ಕೆಡುವುದಕ್ಕೂ ಭೌತವಿಜ್ಞಾನದ ತರಗತಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಖಂಡಿತ ಇದೆ.

ಮೈಕ್ರೋಸಾಫ್ಟ್ ಸಂಸ್ಥೆ 2005ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ‘ಎಕ್ಸ್‌ಬಾಕ್ಸ್ 360’ ಎಂಬ ಕನ್ಸೋಲನ್ನು ಮಾರುಕಟ್ಟೆಗೆ ತಂದಿತು. ಅದರ ಗುಂಡಿಯ ಸುತ್ತ ನಾಲ್ಕು ಭಾಗಗಳ ಬೆಳಕಿನ ಉಂಗುರವಿತ್ತು. ಅದರಲ್ಲಿ ಮೂರು ಭಾಗಗಳು ಕೆಂಪಾಗಿ ಮಿನುಗಿದರೆ ಯಂತ್ರಾಂಶ ಕೆಟ್ಟಿದೆ ಎಂದರ್ಥ. ದುಡ್ಡು ಕೊಟ್ಟು ಕೊಂಡವರು ಬೇಸತ್ತು ಇದನ್ನು ‘ಸಾವಿನ ಕೆಂಪು ಉಂಗುರ’ ಎಂದು ಕರೆದರು. ದೂರುಗಳು ಹೆಚ್ಚಿದಾಗ ಸಂಸ್ಥೆ ನೀಡಿದ ಸಮಾಧಾನ ಇದು: ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಶೇ. 3ರಿಂದ 5ರಷ್ಟು ಕೆಡುವುದು ವಾಡಿಕೆ, ನಮ್ಮದೂ ಆ ಮಿತಿಯೊಳಗೇ ಇದೆ. ನನ್ನ ತಕರಾರು ಇರುವುದು ಈ ಶೇಕಡಾ ಲೆಕ್ಕದ ಬಗ್ಗೆ.

ಮೊದಲು ಯಂತ್ರದೊಳಗೆ ಏನಾಯಿತೆಂದು ನೋಡೋಣ. ಸಿಲಿಕಾನ್ ಚಿಪ್ಪನ್ನು ಅದರ ಕೆಳಗಿನ ಹಲಗೆಗೆ ಸಣ್ಣ ಬೆಸುಗೆ ಗುಂಡುಗಳು ಜೋಡಿಸುತ್ತವೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಸಿಲಿಕಾನ್ ಹತ್ತು ಲಕ್ಷದಲ್ಲಿ ಸುಮಾರು 3 ಭಾಗ ಹಿಗ್ಗುತ್ತದೆ. ಹಲಗೆ ಸುಮಾರು 15 ಭಾಗ. ಚಿಪ್ಪಿನ ಮಧ್ಯದಿಂದ 10 ಮಿ.ಮೀ. ದೂರದಲ್ಲಿ, 50 ಡಿಗ್ರಿ ಏರಿಕೆಗೆ, ಈ ಎರಡರ ನಡುವಿನ ವ್ಯತ್ಯಾಸ 0.006 ಮಿ.ಮೀ. ಇದೇನು ಮಹಾ ಎನ್ನಬೇಡಿ. ಬೆಸುಗೆ ಗುಂಡಿನ ಎತ್ತರ 0.1 ಮಿ.ಮೀ. ಆಗಿದ್ದರೆ ಅದು ತನ್ನ ಎತ್ತರದ ಶೇ. 6ರಷ್ಟು ಪಕ್ಕಕ್ಕೆ ವಾಲಬೇಕಾಗುತ್ತದೆ. ಚಿಪ್ಪಿನ ಕೆಳಗೆ ತುಂಬುವ ಅಂಟು ಈ ಎಳೆತದ ಒಂದು ಪಾಲನ್ನು ಹೊರುತ್ತದೆ, ಎಲ್ಲವನ್ನೂ ಅಲ್ಲ.

ಯಂತ್ರವನ್ನು ಚಾಲೂ ಮಾಡಿದಾಗ ಒಂದು ಎಳೆತ, ಆರಿಸಿದಾಗ ಮತ್ತೊಂದು. ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಾ ಹೋದರೆ ಕೊನೆಗೆ ಅದು ತುಂಡಾಗುವುದಿಲ್ಲವೆ? ಅದೇ ಲೋಹದ ದಣಿವು ಇಲ್ಲಿಯೂ ನಡೆಯುತ್ತದೆ. ಆದ್ದರಿಂದ ಇಲ್ಲಿ ಮುಖ್ಯವಾದದ್ದು ಯಂತ್ರ ಎಷ್ಟು ಬಿಸಿಯಾಯಿತು ಎಂಬುದಷ್ಟೇ ಅಲ್ಲ, ಎಷ್ಟು ಸಲ ಬಿಸಿಯಾಗಿ ತಣಿಯಿತು ಎಂಬುದು. 2021ರ ಡಿಸೆಂಬರ್‌ನಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಸಂಸ್ಥೆಯವರೇ ಇದನ್ನು ಒಪ್ಪಿಕೊಂಡರು: ಚಾಲೂ ಮಾಡಿ ಆರಿಸುವಾಗ ಉಂಟಾಗುವ ಉಷ್ಣ ಪೀಡನೆಯಿಂದ ಬಿಡಿಭಾಗದೊಳಗಿನ ಸಂಪರ್ಕಗಳು ಮುರಿಯುತ್ತಿದ್ದವು.

ಈಗ ಶೇಕಡಾ ಲೆಕ್ಕಕ್ಕೆ ಬರೋಣ. ಕಾಲ್ಪನಿಕ ಉದಾಹರಣೆಯೊಂದನ್ನು ತೆಗೆದುಕೊಳ್ಳಿ. ಒಂದು ಕಂಪನಿ ಕಳೆದ ವರ್ಷ 1000 ಯಂತ್ರಗಳನ್ನೂ ಈ ತಿಂಗಳು 3000 ಯಂತ್ರಗಳನ್ನೂ ಮಾರಿದೆ. ಹಳೆಯ ಸಾವಿರದಲ್ಲಿ 200 ಕೆಟ್ಟಿವೆ; ಹೊಸದರಲ್ಲಿ ಒಂದೂ ಕೆಟ್ಟಿಲ್ಲ, ಏಕೆಂದರೆ ದಣಿಯಲು ಅವಕ್ಕೆ ಇನ್ನೂ ಸಮಯವೇ ಸಿಕ್ಕಿಲ್ಲ. 4000ದಲ್ಲಿ 200 ಎಂದರೆ ಶೇ. 5, ಅಂದರೆ ‘ವಾಡಿಕೆ’! ಆದರೆ ಕಳೆದ ವರ್ಷ ಕೊಂಡವರ ಪಾಲಿಗೆ ಅದು ಶೇ. 20. ಲೆಕ್ಕದಲ್ಲಿ ಸುಳ್ಳಿಲ್ಲ, ನಿಜವೂ ಇಲ್ಲ. ದಣಿವಿನಿಂದ ಕೆಡುವ ವಸ್ತುವಿಗೆ ‘ಎಷ್ಟು ಕಾಲದಲ್ಲಿ’ ಎಂದು ಹೇಳದ ಶೇಕಡಾ ಸಂಖ್ಯೆ, ಏಕಮಾನವಿಲ್ಲದ ಅಳತೆಯಂತೆ. ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಾದರೆ ಅದಕ್ಕೆ ನಾವು ಅಂಕ ಕಳೆಯುತ್ತೇವೆ.

ವಾರಂಟಿಯ ಕತೆಯೂ ಇದನ್ನೇ ಹೇಳುತ್ತದೆ. ಅಮೆರಿಕದಲ್ಲಿ ಮೊದಲು ಇದ್ದದ್ದು 90 ದಿನ. 2006ರ ಡಿಸೆಂಬರ್‌ನಲ್ಲಿ ಅದು ಒಂದು ವರ್ಷವಾಯಿತು. 2007ರ ಜುಲೈನಲ್ಲಿ, ಮೂರು ಕೆಂಪು ದೀಪಗಳ ದೋಷಕ್ಕೆಂದೇ ಮೂರು ವರ್ಷವಾಯಿತು. ಅದಕ್ಕಾಗಿ ಸಂಸ್ಥೆ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿರಿಸಿತು. ಆಮೇಲಾದರೂ ಹೊಣೆ ಹೊತ್ತದ್ದು ಮೆಚ್ಚತಕ್ಕದ್ದೇ. ಆದರೆ ಬಳಕೆದಾರರ ದೂರುಗಳು ಅದಕ್ಕೂ ಮುನ್ನವೇ ದತ್ತಾಂಶವಾಗಿದ್ದವು. ಅವುಗಳನ್ನು ಕೊಂಡ ದಿನಾಂಕದ ಪ್ರಕಾರ ವಿಂಗಡಿಸಿ ನೋಡಿದ್ದರೆ ಸಾಕಿತ್ತು.

ಆ ದಿನಗಳಲ್ಲಿ ಕೆಲವರು ಕೆಟ್ಟ ಯಂತ್ರಕ್ಕೆ ಟವೆಲ್ ಸುತ್ತಿ, ಬೇಕೆಂದೇ ಕಾಯಿಸಿ ಮತ್ತೆ ಚಾಲೂ ಮಾಡುತ್ತಿದ್ದರು. ಕೆಲವೊಮ್ಮೆ ಅದು ನಡೆಯುತ್ತಲೂ ಇತ್ತು! ತವರ ಮತ್ತು ಸೀಸದ ಬೆಸುಗೆ ಕರಗುವುದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸವಿಲ್ಲದ್ದು ಸುಮಾರು 217ರಲ್ಲಿ. ಟವೆಲ್ಲಿನಿಂದ ಅಷ್ಟು ಕಾವು ಬರುವುದಿಲ್ಲ. ಹಿಗ್ಗಿದ ಭಾಗಗಳು ಬಿರುಕಿನ ಎರಡು ಅಂಚುಗಳನ್ನು ತುಸು ಹೊತ್ತು ಒತ್ತಿ ಹಿಡಿದಿರಬಹುದು, ಅಷ್ಟೆ. ಬೆಂಕಿಯ ಅಪಾಯವಿರುವ ಈ ಪ್ರಯೋಗವನ್ನು ಯಾರೂ ಮಾಡಬಾರದು. ಆದರೆ ಕೊಂಡವರನ್ನು ಇಂಥ ಟವೆಲ್ ವೈದ್ಯಕ್ಕೆ ದೂಡಿದ್ದು ಯಾವುದು? ಕಾರಣ ಹೇಳದ ಮೌನ.

ಉಷ್ಣ ವ್ಯಾಕೋಚನದ ಪಾಠ ಮಾಡುವಾಗ ರೈಲು ಹಳಿಗಳ ನಡುವಿನ ತೆರಪನ್ನು ನಾವೆಲ್ಲ ಉದಾಹರಿಸುತ್ತೇವೆ. ಮುಂದಿನ ಸಲ ಈ ಬೆಸುಗೆ ಗುಂಡನ್ನೂ ಉದಾಹರಿಸಿ. ‘ಶೇ. 5 ಮಾತ್ರ’ ಎಂದು ಯಾರಾದರೂ ಹೇಳಿದರೆ, ‘ಎಷ್ಟರಲ್ಲಿ, ಎಷ್ಟು ದಿನಗಳಲ್ಲಿ?’ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಿ. ಈ ಪ್ರಶ್ನೆ ಆಟದ ಯಂತ್ರಕ್ಕಷ್ಟೇ ಅಲ್ಲ, ಸೇತುವೆಗೂ ಔಷಧಕ್ಕೂ ಸಲ್ಲುತ್ತದೆ.